ಸಂಗೀತ ಮೇಜರ್ (ಮುಖ್ಯ ವಿಷಯ) ಅಲ್ಲದ ಮಕ್ಕಳಿಗೂ ಕಾಲೇಜಿನ ಸಂಗೀತ ಮೇಳದಲ್ಲಿ ಒಂದು ಕುರ್ಚಿ

ಚಿಕ್ಕಂದಿನಿಂದ ಪಿಟೀಲು ಕಲಿತ ಮಗಳು ಈಗ ಜೀವಶಾಸ್ತ್ರ ಓದಲು ಹೊರಟಿದ್ದಾಳೆ, ಕಾಲೇಜು ಸೇರಿದ ಮೇಲೆ ವಾದ್ಯ ಪೆಟ್ಟಿಗೆಯಲ್ಲೇ ಉಳಿದುಬಿಡುತ್ತದೆಯೇ ಎಂದು ಸೋದರಿಯೊಬ್ಬರು ನಮ್ಮ ಈ ಗುಂಪಿನಲ್ಲಿ ಕೇಳಿದ್ದರು. ಬಂದ ಉತ್ತರಗಳಲ್ಲಿ ಬಹುಪಾಲು, ಪ್ರವೇಶದ ಅರ್ಜಿಯಲ್ಲಿ ಸಂಗೀತಕ್ಕೆ ಎಷ್ಟು ತೂಕವಿದೆ ಎಂಬುದರ ಸುತ್ತಲೇ ತಿರುಗಿದವು. ಪ್ರವೇಶ ಸಿಕ್ಕ ಮೇಲಿನ ನಾಲ್ಕು ವರ್ಷ ಆ ಹುಡುಗಿಗೆ ಕುಳಿತು ನುಡಿಸಲು ಜಾಗವಿರುತ್ತದೆಯೇ ಎಂಬುದನ್ನು ಮೊದಲು ವಿಚಾರಿಸಬೇಕೆಂದು ನನಗನ್ನಿಸುತ್ತದೆ. ಈ ದೃಷ್ಟಿಯಿಂದ ನೋಡಿದರೆ, ನಮ್ಮವರು ಹೆಸರು ಕೇಳಿದೊಡನೆ ಬಿ.ಎ. ಓದುವವರ ಕಾಲೇಜೆಂದು ಬದಿಗೆ ಸರಿಸುವ ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜುಗಳು, ಅಂದರೆ ವಿಜ್ಞಾನವೂ ಸೇರಿದಂತೆ ಎಲ್ಲ ವಿಷಯಗಳಲ್ಲಿ ಪದವಿ ಮಟ್ಟದ ಬೋಧನೆಗೆ ಒತ್ತುಕೊಡುವ ಚಿಕ್ಕ ಕಾಲೇಜುಗಳು, ಹೆಚ್ಚಿನ ಗಮನಕ್ಕೆ ಅರ್ಹವಾಗಿವೆ.

ಕಾರಣ ಸರಳವಾಗಿದೆ. ಪ್ರತ್ಯೇಕ ಸಂಗೀತ ಶಾಲೆಯಿರುವ ದೊಡ್ಡ ವಿಶ್ವವಿದ್ಯಾಲಯದಲ್ಲಿ ಮುಖ್ಯ ಆರ್ಕೆಸ್ಟ್ರಾದ ಕುರ್ಚಿಗಳನ್ನು ಸಾಮಾನ್ಯವಾಗಿ ಸಂಗೀತವನ್ನೇ ಓದುವವರು ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ತುಂಬುತ್ತಾರೆ. ಉಳಿದವರಿಗೆ ಎರಡನೆಯ ಅಥವಾ ಮೂರನೆಯ ಮೇಳವಿರುತ್ತದೆ. ಎರಡು ಸಾವಿರದ ಆಸುಪಾಸು ವಿದ್ಯಾರ್ಥಿಗಳಿದ್ದು ಸ್ನಾತಕೋತ್ತರ ತರಗತಿಗಳೇ ಇಲ್ಲದ ಕಾಲೇಜಿನಲ್ಲಾದರೋ, ಪೂರ್ಣ ಪ್ರಮಾಣದ ಆರ್ಕೆಸ್ಟ್ರಾ ನಿಲ್ಲಬೇಕಾದರೆ ರಸಾಯನಶಾಸ್ತ್ರದವರೂ ಅರ್ಥಶಾಸ್ತ್ರದವರೂ ಬಂದು ಕೂರಲೇಬೇಕು. ಇದಕ್ಕೆ ಅಪವಾದಗಳೂ ಇವೆ. ಓಹಾಯೋದ ಓಬರ್ಲಿನ್, ವಿಸ್ಕಾನ್ಸಿನ್‌ನ ಲಾರೆನ್ಸ್, ನ್ಯೂಯಾರ್ಕ್ ರಾಜ್ಯದ ಬಾರ್ಡ್ ಈ ಮೂರರಲ್ಲೂ ಕಾಲೇಜಿನ ಜೊತೆಗೆ ವೃತ್ತಿಪರ ತರಬೇತಿಯ ಸಂಗೀತ ಶಾಲೆ, ಅಂದರೆ ಕನ್ಸರ್ವೇಟರಿ, ಇದೆ, ಐದು ವರ್ಷದಲ್ಲಿ ಎರಡು ಪದವಿ ಪಡೆಯುವ ದಾರಿಯೂ ಇದೆ. ಅಲ್ಲಿ ಕನ್ಸರ್ವೇಟರಿಯ ಹೊರಗಿನ ಮಗುವಿಗೆ ಯಾವ ಮೇಳ ಸಿಗುತ್ತದೆ ಎಂಬುದನ್ನು ಬಿಡಿಸಿ ಕೇಳಬೇಕು. ಓಬರ್ಲಿನ್‌ನಲ್ಲಿ ಇಂಥವರಿಗೆಂದೇ ಆರ್ಟ್ಸ್ ಅಂಡ್ ಸೈನ್ಸಸ್ ಆರ್ಕೆಸ್ಟ್ರಾ ಇದೆ.

ಮೇಳವೇ ಕಾಲೇಜಿನ ಜೀವವಾಗಿರುವುದನ್ನು ನೋಡಬೇಕೆಂದರೆ ಮಿನ್ನೆಸೋಟದ ನಾರ್ತ್‌ಫೀಲ್ಡ್‌ನಲ್ಲಿರುವ ಸೇಂಟ್ ಓಲಾಫ್‌ಗೆ ಹೋಗಬೇಕು. ನಾರ್ವೆಯಿಂದ ವಲಸೆ ಬಂದ ಲೂಥರನ್ ಕುಟುಂಬಗಳು 1874ರಲ್ಲಿ ಕಟ್ಟಿದ ಶಾಲೆ ಅದು. ಎಫ್. ಮೀಲಿಯಸ್ ಕ್ರಿಸ್ಟಿಯಾನ್ಸನ್ ಎಂಬವರು 1912ರಲ್ಲಿ ಅಲ್ಲಿ ಶುರುಮಾಡಿದ ಕ್ರಿಸ್‌ಮಸ್ ಸಂಗೀತೋತ್ಸವ ಇಂದಿಗೂ ನಡೆಯುತ್ತಿದೆ. ಹಲವು ಕಾಯರ್‌ಗಳೂ (ಗಾಯನ ವೃಂದಗಳೂ) ಆರ್ಕೆಸ್ಟ್ರಾವೂ ಒಂದೇ ವೇದಿಕೆಗೆ ಬರುತ್ತವೆ. ಪ್ರಸಿದ್ಧವಾದ ಸೇಂಟ್ ಓಲಾಫ್ ಕಾಯರ್‌ನ ವಿದ್ಯಾರ್ಥಿಗಳು ನೇರಳೆ ಬಣ್ಣದ ನಿಲುವಂಗಿ ತೊಟ್ಟು, ಕೈಯಲ್ಲಿ ಹಾಳೆಯಿಲ್ಲದೆ, ಪಕ್ಕದವರ ಕೈ ಹಿಡಿದು ಹಾಡುತ್ತಾರೆ. ಕಂಠಪಾಠದ ಶಿಸ್ತಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇದು ಪರಕೀಯವೆನಿಸದು. ಆದರೆ ಪಕ್ಕದವಳು ಬೇರೆ ಸ್ವರ ಹಿಡಿದಿರುವಾಗ ತನ್ನ ಸ್ವರದಲ್ಲಿ ನಿಲ್ಲುವುದು, ತನ್ನ ದನಿ ಎದ್ದು ಕಾಣದಂತೆ ಗುಂಪಿನಲ್ಲಿ ಬೆರೆಸುವುದು ಕರ್ನಾಟಕ ಸಂಗೀತದ ಪಾಠದಲ್ಲಿ ಬರುವುದಿಲ್ಲ, ಹೊಸದಾಗಿಯೇ ಕಲಿಯಬೇಕು.

ಕ್ರೈಸ್ತ ಪ್ರಾರ್ಥನೆಗಳನ್ನು ಹಾಡಬೇಕಾಗುತ್ತದೆಯಲ್ಲ ಎಂದು ಕೆಲವು ಹಿರಿಯರು ಮುಜುಗರಪಡುತ್ತಾರೆ. ಪಾಶ್ಚಾತ್ಯ ವೃಂದಗಾನದ ದೊಡ್ಡ ಭಾಗವೇ ಚರ್ಚಿನಿಂದ ಬಂದಿರುವಾಗ ಇದನ್ನು ತಪ್ಪಿಸಿಕೊಳ್ಳುವ ಮಾತಿಲ್ಲ. ದಾಸರ ಪದಗಳನ್ನೂ ತ್ಯಾಗರಾಜರ ಕೃತಿಗಳನ್ನೂ ಹಾಡುವ ಅನ್ಯಧರ್ಮೀಯರನ್ನು ಕಂಡು ಹೆಮ್ಮೆಪಡುವ ನಾವು ಈ ಆಕ್ಷೇಪ ಎತ್ತುವುದು ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಅಂಥವರಲ್ಲಿ ಎಲ್ಲರಿಗೂ ಪರಿಚಿತರಾದ ಅಮೆರಿಕದ ಗಾಯಕ ಜಾನ್ ಹಿಗ್ಗಿನ್ಸ್, ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಹಾಡಿ ಕನ್ನಡಿಗರ ಮನಗೆದ್ದವರು, ಕರ್ನಾಟಕ ಸಂಗೀತಕ್ಕೆ ಬಂದದ್ದು ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ.

ಆ ವೆಸ್ಲಿಯನ್ ಬಗ್ಗೆ ನಮ್ಮ ಗುಂಪಿನಲ್ಲಿ ಹೆಚ್ಚು ಮಾತಾಗಿಲ್ಲದಿರುವುದು ಆಶ್ಚರ್ಯ. ಮೃದಂಗ ವಿದ್ವಾಂಸ ಟಿ. ರಂಗನಾಥನ್ 1963ರಲ್ಲಿ ಅಲ್ಲಿಗೆ ಬಂದರು. ಅವರ ಸೋದರ, ಕೊಳಲು ವಿದ್ವಾಂಸ ಟಿ. ವಿಶ್ವನಾಥನ್ ಅವರೂ ಅಲ್ಲಿ ದೀರ್ಘಕಾಲ ಕಲಿಸಿದರು. ಹಾಡುಗಾರಿಕೆ, ಮೃದಂಗಗಳನ್ನು ಪಾಠಪಟ್ಟಿಯ ಭಾಗವಾಗಿಯೇ ಕ್ರೆಡಿಟ್ ಸಮೇತ ಕಲಿಯಬಹುದು, ಶರತ್ಕಾಲದಲ್ಲಿ ನವರಾತ್ರಿ ಸಂಗೀತೋತ್ಸವವೂ ನಡೆಯುತ್ತದೆ. ಜಾವಾ ದ್ವೀಪದ ಗಮೆಲಾನ್ ಮೇಳವೂ ಅಲ್ಲಿದೆ. ಕಂಚಿನ ಗಂಟೆಗಳ, ಪಟ್ಟಿಗಳ ಆ ಮೇಳಕ್ಕೆ ಪಾದರಕ್ಷೆ ಬಿಚ್ಚಿಟ್ಟು ನೆಲದ ಮೇಲೆ ಕೂರುವುದು, ವಾದ್ಯವನ್ನು ದಾಟದಿರುವುದು ಪದ್ಧತಿ. ಏನೂ ನುಡಿಸಲು ಬಾರದವರೂ ಒಂದು ಸೆಮಿಸ್ಟರ್‌ನೊಳಗೆ ಸೇರಿಕೊಳ್ಳಬಹುದಾದ ಮೇಳವಿದು, ಆದ್ದರಿಂದ ಸಂಗೀತ ಕಲಿಯದ ಮಕ್ಕಳ ತಾಯಿತಂದೆಯರೂ ಇತ್ತ ಗಮನಿಸಬಹುದು.

ಸೋದರಿಯವರ ಪ್ರಶ್ನೆಗೆ ನೇರವಾಗಿ ಬರುವುದಾದರೆ, ತೊಡಕಿರುವುದು ಆಡಿಷನ್‌ನಲ್ಲಿ, ಅಂದರೆ ಮೇಳಕ್ಕೆ ಆರಿಸಿಕೊಳ್ಳುವ ಮುನ್ನ ನುಡಿಸಿ ತೋರಿಸುವ ಪರೀಕ್ಷೆಯಲ್ಲಿ. ವಾದ್ಯದ ತುದಿಯನ್ನು ಬಲಗಾಲಿನ ಹರಡಿನ ಮೇಲಿಟ್ಟು, ಸ-ಪ-ಸ-ಪ ಶ್ರುತಿಯಲ್ಲಿ, ಜಾರುಬೆರಳಿನಿಂದ ಗಮಕ ತೆಗೆಯುವ ಕೈಗೆ ಗಲ್ಲದ ಕೆಳಗೆ ವಾದ್ಯವಿಟ್ಟು ಪ್ರತಿ ಸ್ವರಕ್ಕೂ ನಿಗದಿಯಾದ ಜಾಗದಲ್ಲಿ ಬೆರಳೂರುವುದು ಬೇರೆಯೇ ವಿದ್ಯೆ. ಸಾಮಾನ್ಯವಾಗಿ ಸ್ಕೇಲುಗಳನ್ನೂ (ಆರೋಹಣ ಅವರೋಹಣದಂಥ ಸ್ವರಶ್ರೇಣಿಗಳು) ಸಿದ್ಧಪಡಿಸಿ ತಂದ ಒಂದು ಕೃತಿಯನ್ನೂ ಕೇಳುತ್ತಾರೆ. ಆಮೇಲೆ ಎಂದೂ ನೋಡಿರದ ಒಂದು ಸ್ವರಲಿಪಿಯ ಹಾಳೆಯನ್ನು ಸ್ಟ್ಯಾಂಡಿನ ಮೇಲಿಟ್ಟು, ಕಣ್ಣಾಡಿಸಲು ತುಸು ಸಮಯ ಕೊಟ್ಟು, ನುಡಿಸು ಎನ್ನುತ್ತಾರೆ. ಕೇಳಿ ಕಲಿತ ಮಕ್ಕಳು, ಎಷ್ಟೇ ಪ್ರತಿಭೆಯಿದ್ದರೂ, ಅಲ್ಲಿ ತಡವರಿಸುತ್ತಾರೆ. ಹೈಸ್ಕೂಲಿನ ಆರ್ಕೆಸ್ಟ್ರಾದಲ್ಲಿ ಎರಡು ವರ್ಷವಾದರೂ ಕುಳಿತಿದ್ದರೆ ಈ ಭಯ ಬಹುಮಟ್ಟಿಗೆ ಹೋಗುತ್ತದೆ. ಹನ್ನೊಂದನೆಯ ತರಗತಿ ಇದಕ್ಕೆ ತೀರ ತಡವೇನಲ್ಲ, ಆದರೆ ಈ ಬೇಸಿಗೆಯನ್ನು ಕಳೆಯಬಾರದು.

ಹಣದ ವಿಷಯ ಚಿಕ್ಕದು. ಮೇಳಕ್ಕೆ ಸೇರಲು ಸಾಮಾನ್ಯವಾಗಿ ಶುಲ್ಕವಿಲ್ಲ, ವೈಯಕ್ತಿಕ ಪಾಠಕ್ಕೆ ಬಹಳ ಕಡೆ ಇದೆ. ಸೇಂಟ್ ಓಲಾಫ್‌ನಲ್ಲಿ ಸಂಗೀತ ಮೇಜರ್ ಅಲ್ಲದವರಿಗೂ ಸಂಗೀತದ ಸ್ಕಾಲರ್‌ಷಿಪ್ ಇದೆ. ವಿಲಿಯಮ್ಸ್, ಆಮ್‌ಹರ್ಸ್ಟ್ ಕಾಲೇಜುಗಳಲ್ಲಿ ನೆರವು ಕುಟುಂಬದ ಆರ್ಥಿಕ ಸ್ಥಿತಿಯ ಮೇಲೆಯೇ ಹೊರತು ಪ್ರತಿಭೆಯ ಮೇಲಲ್ಲ.

ಕಾಲೇಜು ನೋಡಲು ಹೋದಾಗ ಕಟ್ಟಡ ತೋರಿಸುವ ತಿರುಗಾಟವನ್ನು ಅರ್ಧಕ್ಕೇ ಬಿಟ್ಟರೂ ಚಿಂತೆಯಿಲ್ಲ, ಸಂಜೆಯ ರಿಹರ್ಸಲ್‌ಗೆ ಅನುಮತಿ ಕೇಳಿ ಮಗಳನ್ನು ಕೂರಿಸಿ. ಮೊದಲ ಸಾಲಿನ ಪಿಟೀಲಿನವರಲ್ಲಿ ಸಂಗೀತ ಓದದವರು ಎಷ್ಟು ಮಂದಿ, ಪ್ರಯೋಗಾಲಯದ ವೇಳೆ ಅಡ್ಡಬಂದರೆ ಮೇಳ ನಡೆಸುವವರು ಏನು ಮಾಡುತ್ತಾರೆ ಎಂದು ಅವಳೇ ಅಲ್ಲಿನ ವಿದ್ಯಾರ್ಥಿಗಳನ್ನು ಕೇಳಲಿ. ಸೇರಿದ ಮೇಲೆ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಟಿಕೆಟ್ ಕಾಯ್ದಿರಿಸುವ ಮುನ್ನ, ಪರೀಕ್ಷೆಯ ದಿನಾಂಕದ ಜೊತೆಗೆ ಸಂಗೀತ ಕಚೇರಿಯ ದಿನಾಂಕವನ್ನೂ ಅವಳಿಂದ ತಿಳಿದುಕೊಳ್ಳಿ.