ಚಂದ್ರನ ಮೇಲೆ ರೋಬೋಟ್ ಕೆಟ್ಟರೆ ರಿಪೇರಿ ಮಾಡುವವರು ಯಾರು?

ಫೌಂಡ್ರಿ ಫಿಟ್ಟರ್, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಾನು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೇಂಟೆನೆನ್ಸ್ ಫಿಟ್ಟರ್. ಐಟಿಐ ಮುಗಿಸಿ ಸೇರಿದವನು, ಈಗ 19 ವರ್ಷ ಆಯಿತು. ಒಂದು ಪ್ರಶ್ನೆ ಬಹಳ ದಿನದಿಂದ ತಲೆಯಲ್ಲಿ ಕೂತಿದೆ. ತಿಳಿದವರು ಇಲ್ಲಿ ಇದ್ದೀರಿ ಅಂತ ಕೇಳುತ್ತಿದ್ದೇನೆ.

ಮೊದಲು ನಮ್ಮ ಕೆಲಸದ ಮಾತು ಹೇಳುತ್ತೇನೆ. ಮೂರು ವರ್ಷದ ಹಿಂದೆ ನಮ್ಮಲ್ಲಿ ಒಂದು ರೋಬೋಟ್ ತೋಳು ಬಂತು. ಕೋರ್ ಅಂದರೆ ಎರಕದ ಒಳಗೆ ಟೊಳ್ಳು ಬರಲು ಅಚ್ಚಿನಲ್ಲಿ ಇಡುವ ಮರಳಿನ ತುಂಡು. ಅದನ್ನು ಎತ್ತಿ, ಪೇಂಟ್ ತೊಟ್ಟಿಯಲ್ಲಿ ಅದ್ದಿ, ಟ್ರಾಲಿ ಮೇಲೆ ಇಡುವುದು ರೋಬೋಟಿನ ಕೆಲಸ. ಚೆನ್ನಾಗಿ ಮಾಡುತ್ತದೆ. ದಣಿಯುವುದಿಲ್ಲ, ಕೈ ನಡುಗುವುದಿಲ್ಲ. ಆದರೆ ಫೌಂಡ್ರಿ ಅಂದ ಮೇಲೆ ಮರಳು ಇರಲೇಬೇಕು. ಅದರ ಸಣ್ಣ ಧೂಳು ನುಗ್ಗದ ಜಾಗವಿಲ್ಲ. ಸೀಲ್ ದಾಟಿ ಬೇರಿಂಗ್ ಒಳಗೆ ಇಳಿಯುತ್ತದೆ. ಗ್ರೀಸ್ ಜೊತೆ ಸೇರಿದರೆ ಸಾಣೆ ಹಿಡಿದ ಹಾಗೆ ಕಬ್ಬಿಣವನ್ನೇ ತಿನ್ನುತ್ತದೆ. ಹೋದ ತಿಂಗಳು ಗ್ರಿಪ್ಪರಿನ, ಅಂದರೆ ತೋಳಿನ ತುದಿಯ ಹಿಡಿಯುವ ಕೈಯ, ಒಂದು ಸೆನ್ಸರ್ ಹೋಯಿತು. ಹೆಬ್ಬೆರಳಿನಷ್ಟೂ ದಪ್ಪ ಇಲ್ಲ, ಬೆಲೆ ಎರಡು ಸಾವಿರದ ಒಳಗೆ. ಸ್ಟೋರಿನಲ್ಲಿ ಸ್ಪೇರ್ ಇರಲಿಲ್ಲ. ಪುಣೆಯಿಂದ ರಾತ್ರಿ ಬಸ್ಸಿಗೆ ಹಾಕಿಸಿ, ಬೆಳಿಗ್ಗೆ ನಾನೇ ಬಸ್ ಸ್ಟ್ಯಾಂಡಿಗೆ ಹೋಗಿ ತಂದೆ. ಎರಡು ಶಿಫ್ಟ್ ರೋಬೋಟ್ ನಿಂತಿತು. ಅಷ್ಟು ಹೊತ್ತು ಹಳೆಯ ಕೆಲಸಗಾರರೇ ಕೈಯಿಂದ ಕೋರ್ ಅದ್ದಿದರು.

ಮುಂದೆ ಚಂದ್ರನಲ್ಲಿ, ಮಂಗಳದಲ್ಲಿ ಊರು ಕಟ್ಟುವ ಬಗ್ಗೆ ಎಲ್ಲಿ ಓದಿದರೂ ಒಂದೇ ಮಾತು. ಮೊದಲು ರೋಬೋಟ್‌ಗಳು ಹೋಗುತ್ತವೆ, ನೆಲ ಅಗೆಯುತ್ತವೆ, ಮನೆ ಕಟ್ಟುತ್ತವೆ, ಆಮ್ಲಜನಕ ತಯಾರಿಸಿ ತುಂಬಿಡುತ್ತವೆ, ಆಮೇಲೆ ಜನ ಹೋಗುತ್ತಾರೆ. ಸರಿ. ಅಲ್ಲಿ ಎರಡು ಸಾವಿರದ ಸೆನ್ಸರ್ ಹೋದರೆ ಬಸ್ಸಿಗೆ ಹಾಕಿಸುವುದು ಎಲ್ಲಿಂದ? ಬಿಚ್ಚಿ ಹಾಕುವವರು ಯಾರು?

ಈ ಪ್ರಶ್ನೆ ಮೊದಲು ಕೇಳಿದ್ದು ನನ್ನ ಮಗಳು. 2023ರ ಆಗಸ್ಟ್ 23ರಂದು ನನಗೆ ಸೆಕೆಂಡ್ ಶಿಫ್ಟ್. ಸಂಜೆ ಆರು ದಾಟಿತ್ತು. ಒಂದೇ ಮೊಬೈಲ್ ಸುತ್ತ ಹದಿನಾಲ್ಕು ಜನ ನಿಂತು ಚಂದ್ರಯಾನ-3ರ ವಿಕ್ರಮ್ ಇಳಿಯುವುದನ್ನು ನೋಡಿದೆವು. ನನ್ನ ಕಣ್ಣಲ್ಲಿ ನೀರು ಬಂತು. 26 ಕೆಜಿಯ ಪ್ರಜ್ಞಾನ್ ರೋವರ್ ಸುಮಾರು ನೂರು ಮೀಟರ್ ಓಡಾಡಿತು, ಮಣ್ಣಲ್ಲಿ ಗಂಧಕ ಇದೆ ಅಂತ ತೋರಿಸಿತು. ಅಲ್ಲಿ ಸಂಜೆಯಾಗುತ್ತಲೇ ಅದನ್ನು ಮಲಗಿಸಿದರು. ಮಗಳು ಆಗ ಆರನೇ ಕ್ಲಾಸ್. ದಿನಾ ಕೇಳುತ್ತಿದ್ದಳು, ಎದ್ದಿತಾ ಅಂತ. ಏಳಲಿಲ್ಲ. "ಯಾರರ ಹೋಗಿ ನೋಡಾಕ ಆಗೂದಿಲ್ಲೇನಪ್ಪಾ? ನೀ ಫ್ಯಾಕ್ಟರಿಗೆ ರಾತ್ರಿ ಎದ್ದು ಹೋಗ್ತಿಯಲ್ಲ, ಹಂಗ?" ಅಂದಳು. ಪ್ರಜ್ಞಾನ್ ತನಗೆ ಹೇಳಿದ ಕೆಲಸ ಪೂರ್ತಿ ಮಾಡಿತ್ತು, ಅದು ಬೇರೆ ಮಾತು. ಆದರೆ ಒಂದು ಊರಿಗೆ ಊರೇ ರೋಬೋಟ್ ನಂಬಿ ಉಸಿರಾಡಬೇಕಾದಾಗ ಮಗಳ ಪ್ರಶ್ನೆಗೆ ಏನು ಉತ್ತರ?

ಡಿಪ್ಲೊಮಾ ಮೇಷ್ಟ್ರು, ಬೆಳಗಾವಿ

ಫಿಟ್ಟರ್ ಸರ್, ನಾನು ಮೆಕ್ಯಾನಿಕಲ್ ಪಾಠ ಮಾಡುವವನು. ಧೂಳಿನ ವಿಷಯ ನೀವು ಎತ್ತಿದ್ದು ಬಹಳ ಸರಿ. ಅದರ ಬಗ್ಗೆಯೇ ಹೇಳುತ್ತೇನೆ.

ಮಲಪ್ರಭೆ, ಘಟಪ್ರಭೆಯ ಮರಳು ನೀರಲ್ಲಿ ಉರುಳಿ ಉರುಳಿ ಅಂಚು ಸವೆದಿರುತ್ತದೆ. ಚಂದ್ರನಲ್ಲಿ ಹೊಳೆ ಇಲ್ಲ, ಗಾಳಿಯೂ ಇಲ್ಲ. ಉಲ್ಕೆಗಳು ಬಡಿದು ಬಡಿದು ಪುಡಿಯಾದ ಕಲ್ಲು ಅದು. ಒಡೆದ ಗಾಜಿನ ಹಾಗೆ ಚೂಪಾಗಿಯೇ ಉಳಿದಿದೆ. ಸಾಲದ್ದಕ್ಕೆ ಬಿಸಿಲಿಗೆ ವಿದ್ಯುದಂಶ ಏರಿ ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ. 1972ರ ಡಿಸೆಂಬರಿನಲ್ಲಿ ಅಪೋಲೊ 17ರವರು ಓಡಿಸಿದ ಗಾಡಿಯ ಒಂದು ಮಡ್‌ಗಾರ್ಡ್ ಮುರಿಯಿತು. ಚಕ್ರ ಎಬ್ಬಿಸಿದ ಧೂಳೆಲ್ಲ ಅವರ ಮೇಲೇ ಸುರಿಯತೊಡಗಿತು. ಕೊನೆಗೆ ನಕ್ಷೆಯ ಹಾಳೆಗಳನ್ನು ಟೇಪ್ ಹಚ್ಚಿ ಜೋಡಿಸಿ, ಕ್ಲಾಂಪ್ ಹಾಕಿ ಹೊಸ ಮಡ್‌ಗಾರ್ಡ್ ಮಾಡಿಕೊಂಡರು. ಅಲ್ಲಿ ಕೈ ಇತ್ತು, ಆದ್ದರಿಂದ ಗಾಡಿ ನಡೆಯಿತು.

ಕೈ ಇಲ್ಲದ ಕಡೆ ಏನಾಯಿತು ನೋಡಿ. ಮರುವರ್ಷ, 1973ರಲ್ಲಿ, ಸೋವಿಯತ್ ರಷ್ಯಾದ ಲುನೊಖೋದ್ 2 ಚಂದ್ರನ ಮೇಲೆ ಸುಮಾರು 39 ಕಿಲೋಮೀಟರ್ ಓಡಿತ್ತು. ಸೌರಫಲಕ ಇದ್ದ ಮುಚ್ಚಳ ತೆರೆದುಕೊಂಡೇ ಒಂದು ಕುಳಿಗೆ ಇಳಿಯಿತು. ಮುಚ್ಚಳ ಕುಳಿಯ ಗೋಡೆಗೆ ತಾಗಿ ಅದರ ಮೇಲೆ ಮಣ್ಣು ಬಿತ್ತು. ರಾತ್ರಿಗೆ ಮುಚ್ಚಳ ಹಾಕಿದಾಗ ಆ ಮಣ್ಣು ಶಾಖ ಹೊರಹಾಕುವ ರೇಡಿಯೇಟರ್ ಮೇಲೆ ಉದುರಿತು. ಹಗಲಾದಾಗ ಯಂತ್ರ ಕಾದು ಸತ್ತೇಹೋಯಿತು. ಒಬ್ಬ ಮನುಷ್ಯ ಬ್ರಷ್ ಹಿಡಿದು ನಿಂತಿದ್ದರೆ ಎರಡು ನಿಮಿಷದ ಕೆಲಸ.

ಗ್ರೀಸ್ ಬಗ್ಗೆಯೂ ಒಂದು ಮಾತು. ಗಾಳಿಯೇ ಇಲ್ಲದ ಕಡೆ ಮಾಮೂಲಿ ಎಣ್ಣೆ, ಗ್ರೀಸ್ ಆವಿಯಾಗಿ ಹೋಗುತ್ತದೆ. ನೀವು ಮಾಲಿ ಗ್ರೀಸ್ ಬಳಸಿರುತ್ತೀರಿ. ಅದರಲ್ಲಿರುವ ಕಪ್ಪು ಪುಡಿ, ಮಾಲಿಬ್ಡಿನಂ ಡೈಸಲ್ಫೈಡ್, ಅದನ್ನೇ ಒಣ ಲೇಪವಾಗಿ ಹಚ್ಚುತ್ತಾರೆ. ಧೂಳು ಕೊಡವಲು ಹೊಸ ಉಪಾಯವೂ ಬಂದಿದೆ. ಮೇಲ್ಮೈಯಲ್ಲಿ ಸಣ್ಣ ತಂತಿ ಹುದುಗಿಸಿ, ವೋಲ್ಟೇಜ್ ಹಿಂದೆ ಮುಂದೆ ಬದಲಿಸಿದರೆ ಧೂಳು ತಾನೇ ಜಿಗಿದು ಸರಿಯುತ್ತದೆ. 2025ರ ಮಾರ್ಚಿನಲ್ಲಿ ಬ್ಲೂ ಗೋಸ್ಟ್ ಲ್ಯಾಂಡರ್ ಮೇಲೆ ನಾಸಾ ಇದನ್ನು ಚಂದ್ರನಲ್ಲೇ ಮಾಡಿ ತೋರಿಸಿದೆ. ಗಾಜಿಗೆ, ಫಲಕಕ್ಕೆ ಇದು ಆಗುತ್ತದೆ. ಬೇರಿಂಗ್ ಒಳಗೆ ಸೇರಿದ ಧೂಳಿಗೆ ಮಾತ್ರ ಬಿಚ್ಚುವುದೊಂದೇ ದಾರಿ.

ಜೆಸಿಬಿ ಮಾಲೀಕ, ಬಾಗಲಕೋಟೆ

ಮೇಷ್ಟ್ರ ಮಾತು ಓದಿ ನನಗೆ ಅಗೆಯುವ ಕೆಲಸದ ಯೋಚನೆ ಬಂತು. ಜೆಸಿಬಿಯ ಶಕ್ತಿ ಬರೀ ಹೈಡ್ರಾಲಿಕ್‌ನಲ್ಲಿ ಇಲ್ಲ, ಅದರ ಭಾರದಲ್ಲಿದೆ. ಗಟ್ಟಿ ನೆಲಕ್ಕೆ ಬಕೆಟ್ ಚುಚ್ಚಿದರೆ ಗಾಡಿಯೇ ಮೇಲೇಳುತ್ತದೆ, ಓಡಿಸಿದವರಿಗೆ ಗೊತ್ತು. ಚಂದ್ರನಲ್ಲಿ ಭಾರ ಆರನೇ ಒಂದು ಪಾಲು. ಅಲ್ಲಿ ಅಗೆಯಲು ಹೋದರೆ ಮಣ್ಣು ಬರುವುದಿಲ್ಲ, ಗಾಡಿ ಹಿಂದಕ್ಕೆ ಜಾರುತ್ತದೆ. ಇದಕ್ಕೆ ಏನು ಮಾಡುತ್ತಾರೆ ಅಂತ ಹುಡುಕಿದೆ. ನಾಸಾದವರು ರ್‍ಯಾಸರ್ ಅಂತ ಒಂದು ಸಣ್ಣ ಯಂತ್ರ ಮಾಡಿದ್ದಾರೆ. ಮುಂದೊಂದು ಹಿಂದೊಂದು ಡ್ರಮ್, ಅದರ ಸುತ್ತ ಬಕೆಟ್‌ಗಳು. ಎರಡೂ ಎದುರುಬದುರು ತಿರುಗಿ ಅಗೆಯುತ್ತವೆ. ಒಂದು ಆ ಕಡೆ ಎಳೆದರೆ ಇನ್ನೊಂದು ಈ ಕಡೆ ಎಳೆಯುತ್ತದೆ, ಹಾಗಾಗಿ ಗಾಡಿ ಇದ್ದಲ್ಲೇ ನಿಲ್ಲುತ್ತದೆ. ಎರಡು ಎತ್ತು ಬೆನ್ನಿಗೆ ಬೆನ್ನು ಕೊಟ್ಟು ಜಗ್ಗಿದ ಹಾಗೆ. ಯೋಚನೆ ಮಾಡಿದವರಿಗೆ ಕೈ ಮುಗಿಯಬೇಕು.

ಇನ್ನು ಊರು ಕಟ್ಟುವ ಮಾತು. ನಮ್ಮದು ಆಲಮಟ್ಟಿ ಹಿನ್ನೀರಿನಿಂದ ಎದ್ದು ಬಂದ ಮನೆತನ. ನವನಗರಕ್ಕೆ ನಾವು ಬಂದಾಗ ನಾನು ಹೈಸ್ಕೂಲ್ ಹುಡುಗ. ನೇರ ರಸ್ತೆ, ಸೆಕ್ಟರ್ ಸೆಕ್ಟರ್ ಸೈಟು, ನೀರಿನ ಪೈಪು, ಎಲ್ಲ ಮೊದಲೇ ಹಾಕಿದ್ದರು. ಆದರೆ ಅಪ್ಪನ ಸೈಕಲ್ ಪಂಕ್ಚರ್ ಆದರೆ ಹಳೇ ಊರಿಗೇ ತಳ್ಳಿಕೊಂಡು ಹೋಗಬೇಕಿತ್ತು. ಮೋಟರ್ ಸುಟ್ಟರೆ ರಿವೈಂಡಿಂಗ್ ಮಾಡುವವನು ಹಳೇ ಪೇಟೆಯಲ್ಲೇ ಇದ್ದ. ಹಳೇ ಊರಿನಲ್ಲಿ ಒಂದು ಬೀದಿ ನಡೆದರೆ ಬಡಿಗೇರ, ಕಮ್ಮಾರ, ವೆಲ್ಡಿಂಗ್, ಎಲ್ಲ ಸಿಗುತ್ತಿತ್ತು. ನವನಗರ ನಮಗೆ ಊರು ಅನ್ನಿಸಿದ್ದು ಮೊದಲ ಗ್ಯಾರೇಜ್ ಬಂದ ಮೇಲೆ. ಚಂದ್ರನ ಊರಿನ ಚಿತ್ರ ನೋಡಿದಾಗಲೆಲ್ಲ ನಾನು ಹುಡುಕುವುದು ಅದನ್ನೇ. ಗುಮ್ಮಟ ಇರುತ್ತದೆ, ತೋಟ ಇರುತ್ತದೆ. ಗ್ಯಾರೇಜ್ ಎಲ್ಲಿದೆ?

ದ್ರಾಕ್ಷಿ ತೋಟ, ತಿಕೋಟಾ

ಫಿಟ್ಟರ್ ಅಣ್ಣಾ, ನಾನು ಓದಿದ್ದು ಬಿಎಸ್ಸಿ, ಮಾಡುವುದು ದ್ರಾಕ್ಷಿ. ತೋಟದ ಡ್ರಿಪ್ ಪೂರ್ತಿ ಟೈಮರ್ ಮೇಲೆ ನಡೆಯುತ್ತದೆ. ಬೋರ್‌ವೆಲ್ ಮೋಟರ್ ಮೊಬೈಲ್‌ನಿಂದ ಚಾಲೂ ಆಗುತ್ತದೆ. ಒಂದು ಬೇಸಿಗೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಬೋರಿನಲ್ಲಿ ನೀರು ಇಳಿದಿದೆ ಅನ್ನುವ ಮೆಸೇಜ್ ನನಗೆ ಸಿಗುವಷ್ಟರಲ್ಲಿ ಮೋಟರ್ ಒಣಗಿ ಓಡಿ ಸುಟ್ಟಿತ್ತು. ಕಾಯಿ ಕಟ್ಟುವ ಹೊತ್ತು ಅದು. ಮೂರು ದಿನ ಟ್ಯಾಂಕರ್ ನೀರು ಹಾಕಿದೆವು. ಆಮೇಲೆ ನೀರಿಲ್ಲದಿದ್ದರೆ ತಾನೇ ಬಂದ್ ಆಗುವ ಸ್ಟಾರ್ಟರ್ ಹಾಕಿಸಿದೆ. ನನ್ನನ್ನು ಕೇಳುವುದಿಲ್ಲ, ಮೊದಲು ನಿಲ್ಲಿಸುತ್ತದೆ, ಆಮೇಲೆ ಹೇಳುತ್ತದೆ.

ಮಂಗಳದ್ದು ಇದೇ ಕಥೆ. ಇಲ್ಲಿಂದ ಹೊರಟ ಸಿಗ್ನಲ್ ಅಲ್ಲಿಗೆ ಮುಟ್ಟಲು 3ರಿಂದ 22 ನಿಮಿಷ ಬೇಕು, ಉತ್ತರ ಬರಲು ಮತ್ತೆ ಅಷ್ಟೇ. ಚಂದ್ರನಿಗಾದರೆ ಒಂದೇಕಾಲು ಸೆಕೆಂಡ್ ಅಷ್ಟೇ, ಇಲ್ಲಿ ಕೂತೇ ಓಡಿಸಬಹುದು. ಮಂಗಳದಲ್ಲಿ ಯಂತ್ರವೇ ತೀರ್ಮಾನ ಮಾಡಬೇಕು, ಇಲ್ಲ ಅಂದರೆ ಪಕ್ಕದಲ್ಲಿ ಮನುಷ್ಯ ಇರಬೇಕು.

ಆಮ್ಲಜನಕದ ಲೆಕ್ಕ ನೋಡಿ. ಪರ್ಸಿವಿಯರೆನ್ಸ್ ರೋವರಿನಲ್ಲಿದ್ದ ಮಾಕ್ಸಿ ಎಂಬ ಪೆಟ್ಟಿಗೆ ಮಂಗಳದ ಗಾಳಿಯಿಂದಲೇ ಆಮ್ಲಜನಕ ತೆಗೆಯಿತು. 2021ರಿಂದ 2023ರವರೆಗೆ 16 ಸಲ ಓಡಿಸಿ ಒಟ್ಟು ಸಿಕ್ಕಿದ್ದು 122 ಗ್ರಾಂ. ಒಬ್ಬರಿಗೆ ದಿನಕ್ಕೆ ಸುಮಾರು 840 ಗ್ರಾಂ ಬೇಕು. ಅಂದರೆ ಅಷ್ಟೂ ಸೇರಿ ಮೂರೂವರೆ ಗಂಟೆಯ ಉಸಿರು. ಆಗುತ್ತದೆ ಅಂತ ತೋರಿಸಲು ಮಾಡಿದ ಸಣ್ಣ ಯಂತ್ರ ಅದು, ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಊರಿಗೆ ಬೇಕಾದದ್ದು ಇದರ ನೂರಾರು ಪಟ್ಟು ದೊಡ್ಡದು, ಅದೂ ಹಗಲು ರಾತ್ರಿ ಬಿಡದೆ ಓಡಬೇಕು. ಬಿಡದೆ ಓಡುವ ಯಂತ್ರ ಯಾವತ್ತು ಕೆಡುತ್ತದೆ ಅಂತ ಅಣ್ಣನಿಗೇ ಚೆನ್ನಾಗಿ ಗೊತ್ತು.

ಮಗಳಿಗೆ ಇದನ್ನೂ ಹೇಳಿ. ದೂರದಿಂದ ರಿಪೇರಿ ಆಗುವುದೇ ಇಲ್ಲ ಅಂತಲ್ಲ. ಮಂಗಳದಲ್ಲಿರುವ ಕ್ಯೂರಿಯಾಸಿಟಿ ರೋವರಿನ ಡ್ರಿಲ್ಲನ್ನು ಮುಂದೆ ತಳ್ಳುವ ಭಾಗ 2016ರ ಡಿಸೆಂಬರಿನಲ್ಲಿ ಕೈಕೊಟ್ಟಿತು. ಬದಲಿಸಲು ಆಗುವುದಿಲ್ಲವಲ್ಲ. ಇಡೀ ತೋಳಿನಿಂದಲೇ ಒತ್ತಿ ಕೊರೆಯುವ ರೀತಿಯನ್ನು ಭೂಮಿಯಲ್ಲಿ ಕಲಿತು, 2018ರಲ್ಲಿ ಮತ್ತೆ ಕಲ್ಲು ಕೊರೆದರು. ಒಂದೂವರೆ ವರ್ಷ ಹಿಡಿಯಿತು. ಕಲ್ಲು ಕಾಯುತ್ತದೆ. ಉಸಿರು ಕಾಯುವುದಿಲ್ಲ.

ಫೌಂಡ್ರಿ ಫಿಟ್ಟರ್, ಬೆಳಗಾವಿ

ಎಲ್ಲರಿಗೂ ಧನ್ಯವಾದ. ಮಗಳನ್ನು ಕೂರಿಸಿಕೊಂಡು ಪೂರ್ತಿ ಓದಿಸಿದೆ. ಲುನೊಖೋದ್ ಕಥೆಗೆ ಅವಳು ಬಹಳ ಹೊತ್ತು ಸುಮ್ನೆ ಕೂತಳು. ಗ್ಯಾರೇಜ್ ಎಲ್ಲಿ ಅಂತ ಕೇಳಿದ ಬಾಗಲಕೋಟೆಯವರ ಮಾತು ನನಗೆ ನಾಟಿತು.

ನಾನೂ ಸ್ವಲ್ಪ ಹುಡುಕಿ ಓದಿದೆ. ಹಬಲ್ ದೂರದರ್ಶಕವನ್ನು ಮೊದಲಿನಿಂದಲೇ ರಿಪೇರಿಗೆ ಅಂತ ಯೋಚಿಸಿ ಕಟ್ಟಿದ್ದರಂತೆ. ಹಿಡಿದುಕೊಳ್ಳಲು ಕಂಬಿ, ಎಳೆದರೆ ಬರುವ ಪೆಟ್ಟಿಗೆಗಳು. 1993ರಿಂದ 2009ರವರೆಗೆ ಐದು ಸಲ ಗಗನಯಾತ್ರಿಗಳು ಹೋಗಿ ಭಾಗ ಬದಲಿಸಿ ಬಂದಿದ್ದಾರೆ. ಅದಕ್ಕೇ ಅದು ಅಷ್ಟು ವರ್ಷ ಬಾಳಿತು. ಬಾಹ್ಯಾಕಾಶ ನಿಲ್ದಾಣದ ಹೊರಗೆ ಡೆಕ್ಸ್‌ಟರ್ ಅಂತ ಎರಡು ಕೈಯ ರೋಬೋಟ್ 2008ರಿಂದ ಇದೆ. ಕೆಟ್ಟ ಪೆಟ್ಟಿಗೆ ತೆಗೆದು ಹೊಸದು ಕೂರಿಸುತ್ತದೆ, ಭೂಮಿಯಿಂದ ನಡೆಸುತ್ತಾರೆ. ಅಂದರೆ ರೋಬೋಟನ್ನು ರೋಬೋಟ್ ರಿಪೇರಿ ಮಾಡಬಹುದು. ಆದರೆ ಮೊದಲನೆಯದನ್ನು ಮಾಡುವಾಗಲೇ ಎರಡನೆಯದರ ಕೈ ಎಲ್ಲಿಗೆ ಹೋಗಬೇಕು ಅಂತ ಯೋಚಿಸಿರಬೇಕು.

ನಮ್ಮಲ್ಲಿ ಹಾಗೆ ಯೋಚಿಸುವುದು ಅಪರೂಪ. ಡ್ರಾಯಿಂಗ್ ಮಾಡಿದವರು ಸ್ಪ್ಯಾನರ್ ತಿರುಗಿಸಲು ಜಾಗ ಬಿಟ್ಟಿರುವುದಿಲ್ಲ. 19 ವರ್ಷದಲ್ಲಿ ಒಂದು ಸಲವೂ ಯಂತ್ರ ಕೊಳ್ಳುವ ಮೊದಲು ಯಾರೂ ನನ್ನನ್ನು ಕರೆದು, ಇದನ್ನು ಬಿಚ್ಚಲು ನಿನಗೆ ಆಗುತ್ತದಾ ಅಂತ ಕೇಳಿಲ್ಲ. ಚಂದ್ರನಿಗೆ ಯಂತ್ರ ಮಾಡುವವರ ಟೇಬಲ್ಲಿನಲ್ಲಿ ಒಬ್ಬ ಫಿಟ್ಟರ್ ಕೂರಬೇಕು, ಇಷ್ಟನ್ನು ನಾನು ಮನಸ್ಸಿನಿಂದ ಕೇಳಿಕೊಳ್ಳುತ್ತೇನೆ.

ಇವತ್ತು ಫಸ್ಟ್ ಶಿಫ್ಟ್ ಮುಗಿದ ಮೇಲೆ ನಮ್ಮ ಗ್ರಿಪ್ಪರನ್ನು ಮತ್ತೆ ಬಿಚ್ಚಿದೆ, ಎಣಿಸುವುದಕ್ಕಾಗಿಯೇ. ಆ ಒಂದು ಸೆನ್ಸರ್ ಮುಟ್ಟಬೇಕಾದರೆ 11 ಬೋಲ್ಟ್ ತೆಗೆಯಬೇಕು, ನಾಲ್ಕು ಅಳತೆಯ ಅಲೆನ್ ಕೀ ಬೇಕು. ಒಂದು ಬೋಲ್ಟ್ ಕಣ್ಣಿಗೇ ಕಾಣುವುದಿಲ್ಲ, ಬೆರಳಲ್ಲಿ ತಡವಿ ಹುಡುಕಬೇಕು. ಒಂದೇ ಅಳತೆಯ ಮೂರು ಬೋಲ್ಟಿನಲ್ಲಿ, ಹೊರಗಿನಿಂದಲೇ ಬಿಚ್ಚುವ ಹಾಗೆ ಒಂದು ಬ್ರಾಕೆಟ್ ಮಾಡಬಹುದು ಅನ್ನಿಸಿತು. ಅಳತೆ ತೆಗೆದುಕೊಂಡು ಬಂದಿದ್ದೇನೆ. ಮೇಷ್ಟ್ರೇ, ಡ್ರಾಯಿಂಗ್ ಹಾಕಲು ಭಾನುವಾರ ನಿಮಗೆ ಬಿಡುವು ಇದೆಯಾ? ಮಗಳೂ ಬರುತ್ತಾಳೆ.