ಲ್ಯಾಟಿನ್: ಮೊದಲ ಪುಸ್ತಕ ಮುಗೀತು, ಮುಂದೆ?

ಪ್ರಶ್ನೆ: ವಿಭಕ್ತಿ, ಕ್ರಿಯಾಪದದ ರೂಪಗಳೆಲ್ಲ ಬಾಯಿಪಾಠ ಆಗಿವೆ. ಆದರೆ ಸೀಸರ್‌ನ ಗಾಲ್ (ಈಗಿನ ಫ್ರಾನ್ಸ್ ಭಾಗ) ಯುದ್ಧದ ಕಥನ ತೆರೆದರೆ ಒಂದೊಂದು ಪದ ಗೊತ್ತು, ವಾಕ್ಯ ಮಾತ್ರ ಕೂಡಿ ಬರುವುದಿಲ್ಲ. ಈ ಹಂತ ದಾಟಿದವರು ಹೇಳ್ತೀರಾ?

ಮೈಸೂರಿನಿಂದ: ಮೊದಲು ಕನ್ನಡಕ್ಕೆ ಅನುವಾದ ಮಾಡಿ, ಇಂಗ್ಲಿಷ್‌ಗೆ ಬೇಡ. ಕ್ರಿಯಾಪದ ಹುಡುಕು, ಆಮೇಲೆ ಕರ್ತೃ ಹುಡುಕು ಅಂತ ಕೆಲವು ಪುಸ್ತಕಗಳು ಹೇಳುತ್ತವೆ. ನಮಗೆ ಅದು ಯಾಕೆ? ಸೀಸರ್ ಹೆಚ್ಚಾಗಿ ಕ್ರಿಯಾಪದವನ್ನು ಕೊನೆಗೆ ಇಡುತ್ತಾನೆ, ನಾವೂ ಹಾಗೇ ಮಾತಾಡ್ತೀವಿ ಅಲ್ವಾ? ಬಂದ ಕ್ರಮದಲ್ಲೇ ಓದುತ್ತಾ ಹೋಗಿ. ‘ಹೀಸ್ ರೇಬುಸ್ ಕೊಗ್ನಿತೀಸ್’ ಅವನಲ್ಲಿ ಮತ್ತೆ ಮತ್ತೆ ಬರುತ್ತದೆ. ಕನ್ನಡದಲ್ಲಿ ‘ಇವೆಲ್ಲ ತಿಳಿದ ಮೇಲೆ’ ಅಂದರೆ ಮುಗಿಯಿತು. ಸಂಸ್ಕೃತ ಓದಿದವರಿಗೆ ಸತಿ ಸಪ್ತಮಿ ನೆನಪಾಗುತ್ತದೆ.

ನಿಜವಾಗಿ ಕಷ್ಟ ಕೊಡುವುದು ಪರೋಕ್ಷ ಮಾತು. ‘ಪುಎರುಮ್ ವೆನೀರೆ ದೀಕಿತ್’ ಅಂದರೆ ‘ಹುಡುಗ ಬರುತ್ತಿದ್ದಾನೆ ಎಂದು ಹೇಳುತ್ತಾನೆ’. ಬರುವವನು ದ್ವಿತೀಯಾ ವಿಭಕ್ತಿಯಲ್ಲಿದ್ದಾನೆ, ‘ಎಂದು’ ಅನ್ನುವ ಪದವೇ ಇಲ್ಲ. ಸೀಸರ್‌ನ ಕಥನದ ಮೊದಲ ಪುಸ್ತಕದಲ್ಲಿ ಜರ್ಮನ್ ರಾಜ ಅರಿಯೊವಿಸ್ತುಸ್‌ನ ಮಾತು ಉದ್ದಕ್ಕೂ ಹೀಗೇ ಸಾಗುತ್ತದೆ. ಹಾಗಾಗಿ ಅಲ್ಲಿಂದ ಶುರು ಮಾಡಬೇಡಿ. ನಾಲ್ಕನೇ ಪುಸ್ತಕಕ್ಕೆ ಹೋಗಿ. ಕ್ರಿ.ಪೂ. 55ರಲ್ಲಿ ಬ್ರಿಟನ್ ದಡದ ಹತ್ತಿರ ಸೈನಿಕರು ನೀರಿನ ಆಳ ನೋಡಿ ಹಿಂಜರಿಯುತ್ತಾರೆ. ಹತ್ತನೇ ಲೀಜನ್ನಿನ (ರೋಮನ್ ಸೇನಾದಳ) ಹದ್ದಿನ ಲಾಂಛನ ಹಿಡಿದವನು ಮೊದಲು ಹಾರುತ್ತಾನೆ. ಕಥೆಯೇ ಎಳೆದುಕೊಂಡು ಹೋಗುತ್ತದೆ, ವ್ಯಾಕರಣ ಹಿಂದೆಯೇ ಬರುತ್ತದೆ.

ಮಂಗಳೂರಿನಿಂದ: ಗಟ್ಟಿಯಾಗಿ ಓದಿ. ಕನ್ನಡ ಲಿಪಿಯಲ್ಲಿ ಬರೆದುಕೊಂಡು ಓದಿದರೆ ಇನ್ನೂ ಒಳ್ಳೆಯದು. ‘ವೆನಿತ್’ ಅಂದರೆ ಬರುತ್ತಾನೆ, ‘ವೇನಿತ್’ ಅಂದರೆ ಬಂದನು. ‘ಪುಎಲ್ಲ’ (ಹುಡುಗಿ) ಪ್ರಥಮಾ, ‘ಪುಎಲ್ಲಾ’ ಆದರೆ ಅಬ್ಲೇಟಿವ್, ಅಂದರೆ ‘ಇಂದ’ ಅನ್ನುವಂಥ ಅರ್ಥದ ವಿಭಕ್ತಿ. ಎ-ಏ, ಒ-ಓ ವ್ಯತ್ಯಾಸ, ಒತ್ತಕ್ಷರ ಎಲ್ಲವೂ ನಮ್ಮ ಲಿಪಿಯಲ್ಲಿವೆ. ಕಲಿಯುವವರ ಪುಸ್ತಕದಲ್ಲಿ ದೀರ್ಘಕ್ಕೆ ಮೇಲೊಂದು ಗೆರೆ ಇರುತ್ತದೆ, ಮೂಲ ಪಠ್ಯದ ಮುದ್ರಣಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಷ್ಟರೊಳಗೆ ಕಿವಿ ತಯಾರಾಗಿರಬೇಕು. ಚರ್ಚಿನ ಹಾಡುಗಳ ಉಚ್ಚಾರಣೆ ಬೇರೆ, ಅಲ್ಲಿ ‘ಕೇ’ ಹೋಗಿ ‘ಚೇ’ ಆಗುತ್ತದೆ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ.

ಓದಲು ಸುಲಭವಾಗಿದ್ದು ಬೇಕಿದ್ದರೆ ಜೆರೋಮನ ಲ್ಯಾಟಿನ್ ಬೈಬಲ್ ಅನುವಾದ ಇದೆ. ವಾಕ್ಯಗಳು ಚಿಕ್ಕವು. ದಿನಕ್ಕೆ ಸ್ವಲ್ಪ ಕಷ್ಟದ್ದು, ಜಾಸ್ತಿ ಸುಲಭದ್ದು ಓದಿ.

ಜರ್ಮನಿಯಿಂದ: ಇಲ್ಲಿ ಕೆಲವು ಕೋರ್ಸುಗಳಿಗೆ ಲ್ಯಾಟಿನುಮ್ ಅನ್ನುವ ಪ್ರಮಾಣಪತ್ರ ಕೇಳುತ್ತಾರೆ, ಅದಕ್ಕಾಗಿ ಓದಿದೆ. ವಾಕ್ಯಗಳನ್ನು ಜೋಡಿಸುವ ‘ಉತ್’ ಪದ ಬಂದ ಕಡೆಯೆಲ್ಲ ನಿಲ್ಲಿ, ಅದಕ್ಕೆ ಅರ್ಥ ಹಲವು. ಹಿಂದೆ ‘ತಮ್’ (ಅಷ್ಟು), ‘ಇತ’ (ಹಾಗೆ), ‘ತಂತುಸ್’ (ಅಷ್ಟು ದೊಡ್ಡ) ಇದ್ದರೆ ‘ಎಷ್ಟೆಂದರೆ’ ಅನ್ನುವ ಪರಿಣಾಮದ ಅರ್ಥ ಇರುವುದೇ ಹೆಚ್ಚು. ಇಲ್ಲದಿದ್ದರೆ ‘ಮಾಡಲಿ ಎಂದು’ ಅನ್ನುವ ಉದ್ದೇಶವಾ ನೋಡಿ. ನಿಷೇಧ ಬಂದರೆ ಅನುಮಾನವೇ ಉಳಿಯುವುದಿಲ್ಲ: ಉದ್ದೇಶಕ್ಕೆ ‘ನೇ’, ಪರಿಣಾಮಕ್ಕೆ ‘ಉತ್ ನೋನ್’. ಈ ಎರಡರಲ್ಲೂ ಕ್ರಿಯಾಪದ ಸಬ್‌ಜಂಕ್ಟಿವ್ ರೂಪದಲ್ಲಿರುತ್ತದೆ; ಸಾಮಾನ್ಯ ರೂಪದಲ್ಲಿದ್ದರೆ (ಇಂಡಿಕೇಟಿವ್) ಅದು ‘ಹಾಗೆ’ ಅಥವಾ ‘ಆದಾಗ’, ಬೇರೆಯೇ ದಾರಿ.

ಇನ್ನೊಂದು. ನೀವು ಮಾಡಿದ ಕನ್ನಡ ಅನುವಾದವನ್ನು ಒಂದು ವಾರ ಬಿಟ್ಟು ಮತ್ತೆ ಲ್ಯಾಟಿನ್‌ಗೆ ತಿರುಗಿಸಿ, ಸೀಸರ್ ಬರೆದದ್ದರ ಪಕ್ಕ ಇಡಿ. ನೂರು ಸಲ ಕೋಷ್ಟಕ ಬರೆಯುವುದಕ್ಕಿಂತ ಇದು ಮೇಲು ಅಂತ ನನ್ನ ನಂಬಿಕೆ. ಮೊದಮೊದಲು ಎರಡು ಮೂರು ಸಾಲು ಸಾಕು. ಗೊತ್ತಾಗದ ವಾಕ್ಯ ಇದ್ದರೆ ಇಲ್ಲೇ ಹಾಕಿ, ಸೇರಿ ಬಿಡಿಸೋಣ.