ಸಹಾಯ ಬೇಕು: ಮೂರು ಬಾರಿ ಭ್ರೂಣ ವರ್ಗಾವಣೆ ವಿಫಲವಾಗಿದೆ, ಮುಂದೇನು?

ಎಲ್ಲರಿಗೂ ನಮಸ್ಕಾರ. ನಾವು ಉಡುಪಿಯವರು, ನನಗೀಗ 36 ವರ್ಷ. ಮಂಗಳೂರಿನಲ್ಲಿ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾಡಿಸಿಕೊಂಡಾಗ ದೊರೆತ ಐದು ಬ್ಲಾಸ್ಟೊಸಿಸ್ಟ್‌ಗಳನ್ನು (ಐದಾರು ದಿನ ಬೆಳೆದ ಭ್ರೂಣಗಳನ್ನು) ಶೈತ್ಯೀಕರಿಸಿ ಇಡಲಾಗಿತ್ತು. ಅವುಗಳಲ್ಲಿ ಮೂರನ್ನು ಒಂದೊಂದಾಗಿ ವರ್ಗಾಯಿಸಿದರೂ ಗರ್ಭ ನಿಲ್ಲಲಿಲ್ಲ. ಮೊದಲೆರಡು ಸಲ ರಕ್ತದಲ್ಲಿ ಗರ್ಭಧಾರಣೆಯನ್ನು ತೋರಿಸುವ ಬೀಟಾ ಎಚ್‌ಸಿಜಿ ಹಾರ್ಮೋನ್ ಏರಲೇ ಇಲ್ಲ. ಮೂರನೆಯ ಸಲ 38ಕ್ಕೆ ಬಂದದ್ದು ಎರಡು ದಿನಗಳಲ್ಲಿ 11ಕ್ಕೆ ಇಳಿಯಿತು. ಆ ವರದಿ ಮೊಬೈಲಿಗೆ ಬಂದಾಗ ನಾನು ಹೆಜಮಾಡಿ ಟೋಲ್ ಬಳಿ ಬಸ್ಸಿನಲ್ಲಿದ್ದೆ. ಗರ್ಭ ನಿಲ್ಲಲೆಂದು ಕೊಡುವ ಪ್ರೊಜೆಸ್ಟರಾನ್ ಹಾರ್ಮೋನ್ ಇಂಜೆಕ್ಷನ್ ಚುಚ್ಚಿದಲ್ಲಿ ಎದ್ದ ಗಂಟುಗಳಿಂದಾಗಿ ಸೀಟಿನಲ್ಲಿ ನೆಟ್ಟಗೆ ಕುಳಿತುಕೊಳ್ಳಲೂ ಆಗುತ್ತಿರಲಿಲ್ಲ.

ಇನ್ನುಳಿದಿರುವುದು ಎರಡೇ ಭ್ರೂಣ. ಮುಂದಿನ ತಿಂಗಳೇ ಇನ್ನೊಂದು ವರ್ಗಾವಣೆ ಮಾಡೋಣವೆಂದು ವೈದ್ಯರು ಹೇಳುತ್ತಿದ್ದಾರೆ. ಆದರೆ ಕಾರಣ ಹುಡುಕದೆ ಅದೇ ಔಷಧಕ್ರಮವನ್ನು ಮತ್ತೆ ಅನುಸರಿಸಲು ನನಗೆ ಮನಸ್ಸಿಲ್ಲ. ಮೊದಲು ಹಿಸ್ಟರೋಸ್ಕೋಪಿ (ಸಣ್ಣ ಕ್ಯಾಮೆರಾದಿಂದ ಗರ್ಭಕೋಶದ ಒಳಗನ್ನು ನೋಡುವ ಪರೀಕ್ಷೆ) ಮಾಡಿಸಿ, ಗರ್ಭಕೋಶದ ಒಳಪದರದಲ್ಲಿ ದೀರ್ಘಕಾಲದ ಉರಿಯೂತವಿದೆಯೇ ಎಂದು ಬಯಾಪ್ಸಿಯಿಂದ ತಿಳಿದು, ಆ ಬಳಿಕ ಹಾರ್ಮೋನ್ ಮಾತ್ರೆಗಳ ಬದಲು ಸಹಜ ಋತುಚಕ್ರದಲ್ಲೇ ವರ್ಗಾಯಿಸುವುದು ಲೇಸೆಂದು ತೋರುತ್ತದೆ. ವರ್ಣತಂತು ಪರೀಕ್ಷೆಗೆ ಈ ಭ್ರೂಣಗಳನ್ನು ಶೈತ್ಯಸ್ಥಿತಿಯಿಂದ ಹೊರತಂದು, ಕೆಲವು ಕೋಶ ತೆಗೆದು, ಮರಳಿ ಶೈತ್ಯೀಕರಿಸಬೇಕಾಗುವುದರಿಂದ ಧೈರ್ಯ ಬರುತ್ತಿಲ್ಲ. ಭ್ರೂಣ ವರ್ಗಾವಣೆಗೆ ಗರ್ಭಕೋಶದ ಒಳಪದರ ಯಾವಾಗ ಸಿದ್ಧವಾಗಿರುತ್ತದೆ ಎಂದು ನೋಡುವ ಇಆರ್‌ಎ ಪರೀಕ್ಷೆಯನ್ನೂ ಸೂಚಿಸಿದ್ದಾರೆ; 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಅದರಿಂದ ಹೆರಿಗೆಯ ಪ್ರಮಾಣ ಹೆಚ್ಚದ ಕಾರಣ ಹಣ ಸುರಿಯಲು ಹಿಂಜರಿಯುತ್ತಿದ್ದೇನೆ.

ಸಹಜ ಚಕ್ರದಲ್ಲಿ ವರ್ಗಾವಣೆ ಮಾಡಿಸಿಕೊಂಡವರು, ಸ್ಕ್ಯಾನಿಂಗ್‌ಗೆ ಎಷ್ಟು ಬಾರಿ ಹೋಗಬೇಕಾಯಿತು, ವರ್ಗಾವಣೆಯ ದಿನ ಭಾನುವಾರ ಬಂದರೆ ಏನು ಮಾಡಿದರು ಎಂಬುದನ್ನು ದಯವಿಟ್ಟು ತಿಳಿಸಿ. ಕಡತವನ್ನು ಬೇರೆ ವೈದ್ಯರಿಗೆ ತೋರಿಸಿ ಎರಡನೆಯ ಅಭಿಪ್ರಾಯ ಪಡೆದವರ ಅನುಭವವೂ ಬೇಕು. ಅತ್ತೆಯವರ ಇಚ್ಛೆಯಂತೆ ಕುಕ್ಕೆಯಲ್ಲಿ ಆಶ್ಲೇಷ ಬಲಿ ಮಾಡಿಸಿಯಾಗಿದೆ, ಆದ್ದರಿಂದ ಆ ಸಲಹೆ ಬೇಡ.